ಶೀಟ್ ಮಾಡಿನ ಕೋಣೆ: ಹದಿಹರೆಯದ ಕುಡಿತ ಬೆಳೆದ ಬಗೆ, ಕೊಡಗಿನ ಒಂದು ಪ್ರಕರಣ

ಕಾಲೇಜಿನ ಕಡತದಲ್ಲಿ ಇದು ಗಾಂಜಾ ಪ್ರಕರಣ. ಪ್ರಥಮ ಪಿಯುಸಿ ಓದುತ್ತಿದ್ದ ಹದಿನಾರರ ಹುಡುಗನ ಪೆನ್ಸಿಲ್ ಚೀಲದಲ್ಲಿ ಚಿಟಿಕೆ ಗಾಂಜಾ ಮತ್ತು ಸುತ್ತುವ ಕಾಗದ ಸಿಕ್ಕಿದ್ದವು. ವರ್ಗಾವಣೆ ಪತ್ರ ಕೈಗಿಟ್ಟು ಕಳುಹಿಸಿಬಿಡುವುದೆಂದು ಆಡಳಿತದವರು ಹೆಚ್ಚುಕಡಿಮೆ ತೀರ್ಮಾನಿಸಿಯಾಗಿತ್ತು. ಉಪನ್ಯಾಸಕಿಯೊಬ್ಬರು ಮಾತ್ರ ಪಟ್ಟು ಹಿಡಿದು, ‘ಮೊದಲು ಯಾರಾದರೂ ಅವನ ಜೊತೆ ಕೂತು ಮಾತನಾಡಲಿ’ ಎಂದರು. ಹಾಗಾಗಿ ಅವನು ಆಪ್ತ ಸಮಾಲೋಚಕನಾದ ನನ್ನ ಬಳಿಗೆ ಬಂದ. ಗುರುತು ಹತ್ತಬಾರದೆಂದು ಊರು, ನೆಂಟಸ್ತಿಕೆ ಮತ್ತು ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಹೆಸರನ್ನಂತೂ ಇಟ್ಟೇ ಇಲ್ಲ.

ಅದೇ ವರ್ಷ ಜೂನ್ 26ರಂದು, ಮಾದಕ ವಸ್ತು ವಿರೋಧಿ ದಿನದ ಜಾಥಾದಲ್ಲಿ, ಇವನು ಫಲಕ ಹಿಡಿದು ಮುಂದಿನ ಸಾಲಿನಲ್ಲಿ ನಡೆದಿದ್ದ. ಅದರ ಫೋಟೊ ತೋರಿಸಿ ಪ್ರಾಂಶುಪಾಲರು, ‘ನೋಡಿ, ಎಷ್ಟು ನಾಟಕ’ ಎಂದರು. ನನಗೆ ಅದು ನಾಟಕವೆಂದು ಅನ್ನಿಸಲಿಲ್ಲ. ಮಾದಕ ವಸ್ತು ಕೆಟ್ಟದ್ದೆಂದು ಅವನಿಗೆ ಗೊತ್ತಿತ್ತು, ಆ ಮಾತನ್ನು ಅವನು ನಂಬಿಯೂ ಇದ್ದ. ಆ ತಿಳಿವಳಿಕೆಗೂ ರಾತ್ರಿ ಹನ್ನೊಂದರ ಹೊತ್ತಿಗೆ ಅವನ ಕೈ ಏನನ್ನು ಹುಡುಕುತ್ತಿತ್ತು ಎಂಬುದಕ್ಕೂ ಸಂಬಂಧವಿರಲಿಲ್ಲ, ಅಷ್ಟೇ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಗಿ ಅಮೆರಿಕದಾದ್ಯಂತ ಹಬ್ಬಿದ ‘ಡೇರ್’ ಕಾರ್ಯಕ್ರಮದಲ್ಲಿ ಪೊಲೀಸರೇ ತರಗತಿಗೆ ಬಂದು ಪಾಠ ಹೇಳುತ್ತಿದ್ದರು. ಅದನ್ನು ಅಳೆದು ನೋಡಿದವರಿಗೆ ಮಕ್ಕಳ ಬಳಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲಿ ಜಾಥಾಗಳು ನಡೆಯುತ್ತಲೇ ಇವೆ. ನಡೆಯಲಿ, ಮಕ್ಕಳಿಗೆ ಅರ್ಧ ದಿನ ರಜೆಯಾದರೂ ಸಿಗುತ್ತದೆ.

ಮನೆ

2018ರ ಆಗಸ್ಟ್‌ವರೆಗೆ ಈ ಕುಟುಂಬ ಮಡಿಕೇರಿ ತಾಲ್ಲೂಕಿನಲ್ಲಿ, ಆ ವರ್ಷ ಗುಡ್ಡಗಳು ಕುಸಿದ ಭಾಗದಲ್ಲಿತ್ತು. ಮಕ್ಕಂದೂರು, ಜೋಡುಪಾಲ ಎಂಬ ಹೆಸರುಗಳನ್ನು ಇಡೀ ರಾಜ್ಯ ಕೇಳಿದ್ದು ಆಗಲೇ. ಇವರ ಮನೆ ಪೂರ್ತಿ ಹೋಗಲಿಲ್ಲ. ಹಿಂದಿನ ಬರೆ, ಅಂದರೆ ಗುಡ್ಡ ಕಡಿದ ಕಡಿದಾದ ಅಂಚು, ಜರಿದು ಅಡುಗೆಮನೆಯವರೆಗೆ ಕೆಸರು ಬಂತು. ರಾತ್ರಿಯೇ ಟಾರ್ಚ್ ಹಿಡಿದು ನಡೆದು ಪರಿಹಾರ ಕೇಂದ್ರ ಸೇರಿದರು. ಹುಡುಗನಿಗೆ ಆಗ ಒಂಬತ್ತು ವರ್ಷ. ಆಮೇಲೆ ಅಮ್ಮನ ತವರಿನ ಕಡೆ, ವಿರಾಜಪೇಟೆ ತಾಲ್ಲೂಕಿನಲ್ಲಿ ಸಿಕ್ಕ ಸಣ್ಣ ರೋಬಸ್ಟಾ ಕಾಫಿ ತೋಟಕ್ಕೆ ಬಂದು ನೆಲೆಸಿದರು. ‘ಯಾರಿಗೂ ಏನೂ ಆಗಲಿಲ್ಲವಲ್ಲ’ ಎಂದು ಮನೆಯವರು ಆ ರಾತ್ರಿಯ ಮಾತನ್ನು ಅಲ್ಲಿಗೇ ಮುಗಿಸಿದ್ದರು.

ಕೋವಿಡ್ ಕಳೆದು ಪ್ರವಾಸಿಗರು ಮುಗಿಬೀಳತೊಡಗಿದಾಗ ಅಪ್ಪ ಸಾಲ ಮಾಡಿ ಹೋಮ್‌ಸ್ಟೇ ತೆರೆದರು. ಮೂರು ಕೋಣೆ. ಅದರಲ್ಲಿ ಒಂದು ಹುಡುಗನದಾಗಿತ್ತು. ಹದಿಮೂರರ ಅವನು ತನ್ನ ಹಾಸಿಗೆ, ಪುಸ್ತಕಗಳನ್ನು ಹೊತ್ತು ಹಿತ್ತಲಿನ ಗೊಬ್ಬರದ ಕೋಣೆಗೆ ಹೋದ. ಸುಣ್ಣ ಬಳಿದು, ಲೈಟು ಹಾಕಿಸಿ, ಮಂಚ ಹಾಕಿಕೊಟ್ಟಿದ್ದರು. ಮಾಡಿಗೆ ತಗಡಿನ ಶೀಟು. ಒಂದು ಗೋಡೆಯಾಚೆ ಅತಿಥಿಗಳ ಅಡುಗೆಮನೆ. ಹೆತ್ತವರು ಮಲಗುವ ಕೋಣೆ ಅಂಗಳದಾಚೆ.

ನನ್ನ ಮಟ್ಟಿಗೆ ಈ ಪ್ರಕರಣದ ಮುಖ್ಯ ಘಟನೆ ಈ ಕೋಣೆ ಬದಲಾವಣೆ. ಮೊದಲ ಭೇಟಿಯಲ್ಲಿ ಅದನ್ನು ಯಾರೂ ಹೇಳಲೇ ಇಲ್ಲ. ದುಡ್ಡಿಗಾಗಿ ಮಗನನ್ನು ಹೊರಗೆ ಹಾಕಿದರು ಎಂದು ಯಾರಾದರೂ ತಿಳಿದರೆ ಅದು ಅನ್ಯಾಯ. ಕಂತು ಕಟ್ಟಬೇಕಿತ್ತು, ಹುಡುಗನಿಗೂ ತನ್ನದೇ ಪ್ರತ್ಯೇಕ ಕೋಣೆ ಸಿಕ್ಕಿತೆಂಬ ಹೆಮ್ಮೆಯಿತ್ತು.

ಬೆಳೆದ ಬಗೆ

ಮದ್ಯದ ಮೊದಲ ರುಚಿ ಕೋಣೆ ಬದಲಾಗುವುದಕ್ಕೂ ಹಿಂದಿನದು. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್‌ಮುಹೂರ್ತದ ದಿನ ಚಿಕ್ಕಪ್ಪನ ಗ್ಲಾಸಿನಿಂದ ಬಿಯರ್ ನೊರೆ. ಎಲ್ಲರೂ ನಕ್ಕರು, ಅವನು ಮುಖ ಕಿವಿಚಿದ. ಕೊಡಗಿನಲ್ಲಿ ಮದ್ಯವನ್ನು ಕದ್ದುಮುಚ್ಚಿ ಕುಡಿಯುವುದಿಲ್ಲ. ಕುಲದ ಹಿರಿಯರಾದ ಕಾರಣರಿಗೆ ಮೀದಿ, ಅಂದರೆ ಎಡೆ, ಇಡುವಾಗ ಅದಕ್ಕೂ ಜಾಗವಿದೆ. ಮದುವೆ ಮನೆಯಲ್ಲಿ ಹಿರಿಯರ ಎದುರಿಗೇ ಗ್ಲಾಸು ತುಂಬುತ್ತದೆ. ಘಟ್ಟದ ಕೆಳಗಿನವರು, ಬಯಲುಸೀಮೆಯವರು ಇದಕ್ಕೇ ಬೆರಳು ಮಾಡಿ ‘ಅಲ್ಲಿ ಎಲ್ಲರೂ ಹಾಗೇ’ ಎನ್ನುವುದನ್ನು ಕೇಳಿ ಕೇಳಿ ನನಗೆ ಬೇಸರ ಬಂದಿದೆ. ಎದುರಿಗೆ ಕುಡಿಯುವ ಪದ್ಧತಿಗೆ ಅದರದೇ ಕಾವಲಿದೆ: ಯಾರಿಗೆ ಎಷ್ಟಾಯಿತು ಎಂಬುದು ನಾಲ್ಕು ಜನರಿಗೆ ಕಾಣುತ್ತದೆ.

ಆದರೆ ಈ ಕಾವಲಿನ ಮೇಲೆ ಕಟ್ಟಿಕೊಂಡ ಇನ್ನೊಂದು ನಂಬಿಕೆ ಗಟ್ಟಿಯಲ್ಲ. ‘ಮನೆಯಲ್ಲೇ ಸ್ವಲ್ಪ ಕುಡಿದು ಕಲಿತರೆ ಹೊರಗೆ ಹೋಗಿ ಕೆಡುವುದಿಲ್ಲ’ ಎಂದು ಅಪ್ಪ ನನ್ನೆದುರು ಆತ್ಮವಿಶ್ವಾಸದಿಂದ ಹೇಳಿದರು. ಆಸ್ಟ್ರೇಲಿಯಾದಲ್ಲಿ ಇದನ್ನೇ ಪರೀಕ್ಷಿಸಿದ್ದಾರೆ. ಸುಮಾರು 1,900 ಮಕ್ಕಳನ್ನು ಹನ್ನೆರಡರಿಂದ ಹದಿನೆಂಟರವರೆಗೆ ಆರು ವರ್ಷ ಗಮನಿಸಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆತ್ತವರೇ ಮದ್ಯ ಕೊಟ್ಟ ಮಕ್ಕಳಿಗೆ ಅದರಿಂದ ಯಾವ ರಕ್ಷಣೆಯೂ ಸಿಕ್ಕಿರಲಿಲ್ಲ. ಮುಂದೆ ಮಿತಿಮೀರಿ ಕುಡಿಯುವ, ಹೊರಗಿನವರಿಂದಲೂ ಮದ್ಯ ಪಡೆಯುವ ಸಾಧ್ಯತೆ ಅವರಲ್ಲೇ ಹೆಚ್ಚಾಗಿತ್ತು.

ಎರಡನೆಯ ಹಂತ, ಅತಿಥಿಗಳು ಬಿಟ್ಟುಹೋದದ್ದು. ಭಾನುವಾರ ಮಧ್ಯಾಹ್ನ ಕಾರುಗಳು ಹೊರಟ ಮೇಲೆ ಕೋಣೆ ಗುಡಿಸುವುದು ಹುಡುಗನ ಪಾಲಿನ ಕೆಲಸ. ಕಾಲು ಭಾಗ ಉಳಿದ ವಿಸ್ಕಿ, ಬಿಸಿಯಾದ ಬಿಯರ್, ಮಡಿಕೇರಿಯಲ್ಲಿ ಕೊಂಡು ಮುಚ್ಚಳ ತೆಗೆದು ಸೇರದೆ ಬಿಟ್ಟ ಹೋಮ್‌ಮೇಡ್ ವೈನ್. ಒಳ್ಳೆಯ ಬಾಟಲಿಗಳನ್ನು ಅಪ್ಪ ಕಪಾಟಿನಲ್ಲಿಡುತ್ತಿದ್ದರು. ತಳದಲ್ಲಿ ಉಳಿದದ್ದನ್ನು ಹುಡುಗ ಶಾಲೆಯ ಸ್ಟೀಲ್ ನೀರಿನ ಬಾಟಲಿಗೆ ಸುರಿದುಕೊಳ್ಳುತ್ತಿದ್ದ. ವಿಸ್ಕಿಯ ಮೇಲೆ ವೈನು, ಅದರ ಮೇಲೆ ರಮ್ಮು. ‘ಕೆಟ್ಟ ರುಚಿ, ಕೆಮ್ಮಿನ ಔಷಧಿಗೆ ಸೀಮೆಎಣ್ಣೆ ಬೆರೆಸಿದ ಹಾಗೆ’ ಎಂದ. ಬಾಯಿ ವಾಸನೆಗೆ ಪೇರಳೆ ಎಲೆ ಅಗಿಯುವುದನ್ನು ಶಾಲೆಯ ಹಿರಿಯ ಹುಡುಗ ಕಲಿಸಿದ್ದ. ಹೀಗೆ ಒಟ್ಟುಮಾಡಿದ್ದನ್ನು ಆಗ ಒಬ್ಬನೇ ಕುಡಿಯುತ್ತಿರಲಿಲ್ಲ, ಶಾಲೆಗೆ ಒಯ್ದು ಗೆಳೆಯರಿಗೆ ಹಂಚುತ್ತಿದ್ದ. ಹೊಸ ಶಾಲೆಯಲ್ಲಿ, ಬೇರೆ ಕಡೆಯಿಂದ ಬಂದವನೆಂಬ ಹಣೆಪಟ್ಟಿ ಹೊತ್ತಿದ್ದವನಿಗೆ ಆ ಬಾಟಲಿ ಗುಂಪಿನಲ್ಲಿ ಜಾಗ ಕೊಡಿಸಿತು.

ಹದಿನಾಲ್ಕರಲ್ಲಿ ಕಣದ ಕಾವಲು. ಜನವರಿ, ಫೆಬ್ರುವರಿಯಲ್ಲಿ ಕೊಯ್ದ ಕಾಫಿ ಕಣದಲ್ಲಿ ಒಣಗುತ್ತಿರುತ್ತದೆ, ಬೆಲೆ ಏರಿದಷ್ಟೂ ಕಳ್ಳರ ಭಯ. ದೊಡ್ಡಪ್ಪನ ಮಕ್ಕಳ ಜೊತೆ ಇವನನ್ನೂ ರಾತ್ರಿ ಕಣದಲ್ಲಿ ಮಲಗಲು ಕಳುಹಿಸುತ್ತಿದ್ದರು. ಚಳಿ, ಬೆಂಕಿ, ಸಿಗರೇಟು, ರಮ್. ಅಲ್ಲಿ ಅವನಿಗೊಂದು ಕೀರ್ತಿ ಬಂತು: ಎಷ್ಟು ಕುಡಿದರೂ ಇವನಿಗೆ ಏರುವುದಿಲ್ಲ. ಇಪ್ಪತ್ತೆರಡರ ಅಣ್ಣ ಮಗುಚಿಬಿದ್ದಾಗಲೂ ಇವನು ನೆಟ್ಟಗೆ ನಡೆದು ಹೋಗಿ ಸೌದೆ ತರುತ್ತಿದ್ದ.

ಈ ಕೀರ್ತಿಯ ಬಗ್ಗೆ ನಿಂತು ಹೇಳಬೇಕು, ಏಕೆಂದರೆ ನಮ್ಮೂರಿನಲ್ಲಿ ಇದನ್ನು ಗಂಡಸ್ತನದ ಲೆಕ್ಕಕ್ಕೆ ಸೇರಿಸುತ್ತಾರೆ. ಕುಡಿತದ ರೋಗವಿದ್ದ ತಂದೆಯರ ಗಂಡುಮಕ್ಕಳನ್ನು ದಶಕಗಳ ಕಾಲ ಗಮನಿಸಿದ ಅಮೆರಿಕದ ವೈದ್ಯ ಮಾರ್ಕ್ ಶುಕಿಟ್ ಕಂಡುಕೊಂಡದ್ದು ಇದಕ್ಕೆ ಪೂರ್ತಿ ಉಲ್ಟಾ. ಯೌವನದಲ್ಲಿ ಮದ್ಯ ಸುಲಭಕ್ಕೆ ಏರದವರೇ ಮುಂದೆ ಅದಕ್ಕೆ ಅಂಟಿಕೊಳ್ಳುವ ಸಾಧ್ಯತೆ ಹೆಚ್ಚು. ಸಾಕು ಎಂದು ದೇಹ ಹೇಳುವ ಹೊತ್ತಿಗೆ ಅವರು ಬಹಳ ಕುಡಿದಾಗಿರುತ್ತದೆ. ಈ ಗುಣ ಬಹಳಮಟ್ಟಿಗೆ ವಂಶದಲ್ಲಿ ಬರುವಂಥದ್ದು. ಇವನ ದೊಡ್ಡಪ್ಪ ತೀರಿಕೊಂಡದ್ದು ಲಿವರ್ ಕೆಟ್ಟು; ಅವರ ಬಗ್ಗೆಯೂ ಮನೆಯಲ್ಲಿ ಹೇಳುತ್ತಿದ್ದದ್ದು ‘ಅವರಿಗೆ ಏರುತ್ತಲೇ ಇರಲಿಲ್ಲ’ ಎಂದೇ. ಅಲ್ಲದೆ ಹದಿಹರೆಯದವರಿಗೆ ಮದ್ಯದ ತೂಕಡಿಕೆ, ಓಲಾಟ ದೊಡ್ಡವರಿಗಿಂತ ಕಡಿಮೆ. ನೆನಪಿನ ಮೇಲಿನ ಏಟು ಮಾತ್ರ ಜೋರು.

ಇಲ್ಲಿಯವರೆಗಿನದು ಅಪರೂಪದ ಕಥೆಯೇನಲ್ಲ. ಆ ವಯಸ್ಸಿನ ಮಿದುಳಿನಲ್ಲಿ ಖುಷಿ, ಪ್ರತಿಫಲ, ಗೆಳೆಯರ ಮೆಚ್ಚುಗೆಗೆ ಮಿಡಿಯುವ ಭಾಗ ಆಗಲೇ ಚುರುಕಾಗಿರುತ್ತದೆ. ತಡೆದು ಯೋಚಿಸುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿಗೆ. ಗೆಳೆಯರು ನೋಡುತ್ತಿದ್ದರೆ ಹುಡುಗರು ಹೆಚ್ಚು ಅಪಾಯಕ್ಕೆ ಕೈಹಾಕುತ್ತಾರೆ, ದೊಡ್ಡವರಲ್ಲಿ ಆ ವ್ಯತ್ಯಾಸ ಅಷ್ಟು ಕಾಣುವುದಿಲ್ಲ ಎಂಬುದು ಪ್ರಯೋಗಗಳಲ್ಲಿ ಕಂಡ ಸಂಗತಿ. ಹೀಗೆ ಕಣದಲ್ಲಿ ಕುಡಿದ ಹುಡುಗರಲ್ಲಿ ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ಇವನ ಇಬ್ಬರು ಅಣ್ಣಂದಿರೂ ನಿಂತಿದ್ದಾರೆ.

ಇವನು ನಿಲ್ಲಲಿಲ್ಲ. ಹತ್ತನೆಯ ತರಗತಿಯ ಮಳೆಗಾಲದಲ್ಲಿ, ಹದಿನೈದರಲ್ಲಿ, ಒಬ್ಬನೇ ಕುಡಿಯಲು ಶುರುಮಾಡಿದ. ಇದನ್ನು ಹೇಳಲು ಅವನು ಬಹಳ ಭೇಟಿಗಳನ್ನು ತೆಗೆದುಕೊಂಡ. ಗಾಂಜಾ ಬಗ್ಗೆ ಮೊದಲ ದಿನವೇ ಎಲ್ಲ ಹೇಳಿದವನು ಇದನ್ನು ಮಾತ್ರ ಮುಚ್ಚಿಟ್ಟಿದ್ದ. ಶೀಟಿನ ಮೇಲೆ ಜೂನ್ ತಿಂಗಳ ಮಳೆ ಬಿದ್ದರೆ ಕೋಣೆಯಲ್ಲಿ ಬೇರೆ ಸದ್ದೇ ಕೇಳುವುದಿಲ್ಲ. ‘ಬೇರೆ ಸದ್ದು ಕೇಳದಿದ್ದರೆ ಗುಡ್ಡ ಬಂದರೆ ಹೇಗೆ ಗೊತ್ತಾಗುತ್ತದೆ?’ ಎಂದು ನನ್ನನ್ನೇ ಕೇಳಿದ. ಅವರ ಈಗಿನ ಮನೆಯ ಹಿಂದೆ ಬರೆಯೇ ಇಲ್ಲ, ಗದ್ದೆ ಇದೆ. ಅದು ಅವನಿಗೂ ಗೊತ್ತು. ಆದರೂ ಬೂಟು ಹಾಕಿಕೊಂಡು ಮಂಚದ ಮೇಲೆ ಕೂತಿರುತ್ತಿದ್ದ. ಸ್ಟೀಲ್ ಬಾಟಲಿಯಿಂದ ಎರಡು ಗುಟುಕು ಕುಡಿದರೆ ನಿದ್ದೆ ಬರುತ್ತಿತ್ತು. ಎರಡು ನಾಲ್ಕಾಯಿತು. ಮದ್ಯ ಬೇಗ ನಿದ್ದೆ ತರಿಸುತ್ತದೆ, ಆಮೇಲೆ ರಾತ್ರಿಯ ಎರಡನೆಯ ಅರ್ಧವನ್ನು ಕೆಡಿಸುತ್ತದೆ. ಮೂರು ಗಂಟೆಗೆ ಎಚ್ಚರ, ಎದೆ ಹೊಡೆತ, ಹೊರಗೆ ಅದೇ ಮಳೆ. ಬೆಳಿಗ್ಗೆ ತರಗತಿಯಲ್ಲಿ ತೂಕಡಿಕೆ. ಎಸ್ಸೆಸ್ಸೆಲ್ಸಿ ಅಂಕ ಕುಸಿದಾಗ ಮೊಬೈಲ್ ಕಿತ್ತುಕೊಂಡರು.

ಗಾಂಜಾ ಬಂದದ್ದು ಇದರ ಮೇಲೆ, ಮುಂದಿನ ವರ್ಷ. ಕ್ಯಾಂಪ್‌ಫೈರ್‌ಗೆ ಸೌದೆ ಒಯ್ದಾಗ ಬೆಂಗಳೂರಿನಿಂದ ಬಂದಿದ್ದ ಅತಿಥಿಯೊಬ್ಬ ಸೇದುತ್ತಿದ್ದುದನ್ನು ಚಾಚಿದ. ಆ ರಾತ್ರಿ ಬಾಟಲಿಯಿಲ್ಲದೆ ನಿದ್ದೆ ಬಂತು. ಆಮೇಲೆ ಸಿಗುವ ಜಾಗ ಗೊತ್ತಾಯಿತು. ಬಿಯರ್ ಅಥವಾ ವೈನ್, ನಂತರ ಸಿಗರೇಟು ಅಥವಾ ಬಿರುಸಾದ ಮದ್ಯ, ನಂತರ ಗಾಂಜಾ: ಅಮೆರಿಕದ ಸಮಾಜವಿಜ್ಞಾನಿ ಡೆನಿಸ್ ಕ್ಯಾಂಡೆಲ್ 1975ರಲ್ಲಿ ಹದಿಹರೆಯದವರಲ್ಲಿ ಗುರುತಿಸಿದ ಕ್ರಮ ಇಲ್ಲಿ ಹೆಚ್ಚುಕಡಿಮೆ ಹಾಗೆಯೇ ಇದೆ. ಈ ಕ್ರಮವನ್ನು ಜನ ತಪ್ಪಾಗಿ ಓದುತ್ತಾರೆ. ಒಂದು ಮೆಟ್ಟಿಲು ಹತ್ತಿದವರೆಲ್ಲ ಮುಂದಿನದನ್ನು ಹತ್ತುತ್ತಾರೆಂದು ಅದರ ಅರ್ಥವಲ್ಲ. ಇವನನ್ನು ಮೇಲಕ್ಕೆ ಎಳೆದದ್ದು ಬಿಯರ್ ನೊರೆಯಾಗಲಿ ಗಾಂಜಾ ಆಗಲಿ ಅಲ್ಲ. ಗೆಳೆಯರ ನಡುವೆ ಮೋಜಿಗೆ ಕುಡಿಯುತ್ತಿದ್ದವನು ಬಾಗಿಲು ಹಾಕಿಕೊಂಡು ನಿದ್ದೆಗಾಗಿ ಕುಡಿಯತೊಡಗಿದ್ದು. ದೊಡ್ಡವರ ಕಣ್ಣು ಬಿದ್ದದ್ದು ಒಂದು ವರ್ಷ ತಡವಾಗಿ, ಅದೂ ಚಿಟಿಕೆ ಸೊಪ್ಪಿನ ಮೇಲೆ.

ಆರು ಪ್ರಶ್ನೆ

ಹದಿಹರೆಯದವರಿಗೆ ಕೇಳುವ ‘ಕ್ರಾಫ್ಟ್’ ಎಂಬ ಆರು ಪ್ರಶ್ನೆಗಳ ಪಟ್ಟಿಯಿದೆ. ಕುಡಿದವರು ಓಡಿಸುವ ವಾಹನದಲ್ಲಿ ಹೋಗಿದ್ದೀಯಾ, ಅಥವಾ ನೀನೇ ಓಡಿಸಿದ್ದೀಯಾ? ಮನಸ್ಸು ಹಗುರಾಗಲು, ಗುಂಪಿನಲ್ಲಿ ಬೆರೆಯಲು ಬಳಸುತ್ತೀಯಾ? ಒಬ್ಬನೇ ಇದ್ದಾಗ? ಮಾಡಿದ್ದನ್ನು ಮರೆತದ್ದುಂಟೇ? ಕಡಿಮೆ ಮಾಡು ಎಂದು ಮನೆಯವರಾಗಲಿ ಗೆಳೆಯರಾಗಲಿ ಹೇಳಿದ್ದುಂಟೇ? ತೊಂದರೆಗೆ ಸಿಕ್ಕಿಕೊಂಡದ್ದುಂಟೇ? ಎರಡಕ್ಕೆ ಹೌದು ಎಂದರೆ ಕೂತು ವಿವರವಾಗಿ ನೋಡಬೇಕು. ಇವನು ಐದಕ್ಕೆ ಹೌದು ಎಂದ. ಇಲ್ಲ ಎಂದದ್ದು ಒಂದಕ್ಕೆ ಮಾತ್ರ: ಕಡಿಮೆ ಮಾಡು ಎಂದು ಅವನಿಗೆ ಯಾರೂ, ಎಂದೂ ಹೇಳಿರಲಿಲ್ಲ. ಮನೆಯವರಿಗೆ ಗೊತ್ತಿರಲಿಲ್ಲ. ಗೆಳೆಯರಿಗೆ ಅವನು ಏರದ ಹುಡುಗ.

ಕಾನೂನಿನ ಮಾತೂ ಬಂತು, ಅಪ್ಪನಿಗೆ ಪೊಲೀಸರ ಹೆದರಿಕೆಯಿತ್ತು. ಮಾದಕ ವಸ್ತು ಕಾಯ್ದೆಯ 64ಎ ಕಲಂ ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆಯ ದಾರಿ ಇಟ್ಟಿದೆ ಎಂದು ವಿವರಿಸಿದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಅನ್ನೂ ಓದಿ ಹೇಳಿದೆ: ಮಗುವಿಗೆ ಮದ್ಯ, ತಂಬಾಕು ಅಥವಾ ಮಾದಕ ವಸ್ತು ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಹದಿನೆಂಟು ತುಂಬದ ಎಲ್ಲರೂ ಆ ಕಾಯ್ದೆಗೆ ಮಕ್ಕಳೇ. ಸೇದುವುದನ್ನು ಚಾಚಿದ ಅತಿಥಿ, ಕಣದಲ್ಲಿ ರಮ್ ಸುರಿದ ಅಣ್ಣ, ಗ್ಲಾಸು ಚಾಚಿದ ಚಿಕ್ಕಪ್ಪ ಎಲ್ಲರೂ ಅದರ ವ್ಯಾಪ್ತಿಗೆ ಬರುತ್ತಾರೆ. ಕೋಣೆ ಸ್ವಲ್ಪ ಹೊತ್ತು ಮೌನವಾಯಿತು. ನನಗೆ ಬೇಕಿದ್ದದ್ದೂ ಅದೇ.

ಮಾಡಿದ್ದು

ಮೊದಲ ಕೆಲಸಕ್ಕೆ ಖರ್ಚಾಗಲಿಲ್ಲ ಎನ್ನುವಂತಿಲ್ಲ. ಒಂದು ಅತಿಥಿ ಕೋಣೆ ಮುಚ್ಚಿ ಹುಡುಗನನ್ನು ಹೆಂಚಿನ ಮನೆಯೊಳಗೆ ಕರೆದುಕೊಳ್ಳಬೇಕೆಂದೆ. ಮೂರರಲ್ಲಿ ಒಂದು ಹೋದರೆ ಕಂತಿನ ಗತಿಯೇನು ಎಂದು ಅಪ್ಪ ವಾರಗಟ್ಟಲೆ ಎಳೆದರು. ಕೊನೆಗೆ ಅಮ್ಮ ಆನ್‌ಲೈನ್ ಬುಕಿಂಗ್‌ನಿಂದ ಆ ಕೋಣೆಯನ್ನು ತೆಗೆಸಿದ ಮೇಲೆಯೇ ನನಗೆ ತಿಳಿಸಿದ್ದು. ಎರಡನೆಯದು, ಅತಿಥಿಗಳು ಉಳಿಸಿದ್ದನ್ನೆಲ್ಲ ಅಮ್ಮನೇ ಸಿಂಕಿಗೆ ಸುರಿಯುವುದು. ಕೋಣೆ ಗುಡಿಸುವ ಕೆಲಸ ಹುಡುಗನಿಗೆ ಬೇಡ. ಒಳ್ಳೆಯ ಸ್ಕಾಚನ್ನು ಸಿಂಕಿಗೆ ಸುರಿಯುವ ಸಂಕಟ ಅಪ್ಪನ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಹುಡುಗನನ್ನು ನೋಡಿದರು. ಭೂಕುಸಿತದ ರಾತ್ರಿಗೆ ಅಂಟಿಕೊಂಡ ಆತಂಕ, ಕೆಟ್ಟ ನಿದ್ದೆ, ಅದರ ಮೇಲೆ ಮದ್ಯ ಮತ್ತು ಗಾಂಜಾದ ಹಾನಿಕರ ಬಳಕೆ ಎಂದು ಬರೆದರು. ನಿದ್ದೆ ಮಾತ್ರೆ ಕೊಡಲಿಲ್ಲ. ಒಂದರ ಜಾಗಕ್ಕೆ ಇನ್ನೊಂದು ಬರುವುದು ಬೇಡವೆಂದರು. ಗಾಂಜಾ ಬಿಟ್ಟ ಮೊದಲ ಎರಡು ವಾರ ನಿದ್ದೆ ಇನ್ನೂ ಕೆಡುತ್ತದೆ, ಕನಸು ಹೆಚ್ಚುತ್ತದೆ, ಸಿಡಿಮಿಡಿ ಇರುತ್ತದೆ ಎಂದು ಮೊದಲೇ ತಿಳಿಸಿದ್ದು ಬಹಳ ಉಪಯೋಗಕ್ಕೆ ಬಂತು. ಐದನೆಯ ರಾತ್ರಿ ಬೆವತು ಎದ್ದವನು ತನಗೆ ಹುಚ್ಚು ಹಿಡಿಯುತ್ತಿಲ್ಲ ಎಂದು ತಾನೇ ಸಮಾಧಾನ ಹೇಳಿಕೊಂಡನಂತೆ. ತೀರಾ ಕಷ್ಟವಾದ ರಾತ್ರಿಗೆಂದು ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವನ ಮೊಬೈಲಿನಲ್ಲಿ ಉಳಿಸಿದ್ದೆವು.

ನನ್ನ ಪಾಲಿನ ಕೆಲಸ ಎರಡು ಬಗೆಯದು. ಹುಡುಗನ ಜೊತೆ ಬಿಡಬೇಕೆಂದು ವಾದಿಸಲಿಲ್ಲ. ಬಾಟಲಿ ಏನು ಕೊಟ್ಟಿತು, ಏನು ಕಿತ್ತುಕೊಂಡಿತು ಎಂದು ಅವನೇ ಎಣಿಸುವಂತೆ ಮಾಡಿದೆ. ಹಾಕಿ ತಂಡದಿಂದ ಹೆಸರು ಹೋದದ್ದು ಅವನ ಪಟ್ಟಿಯಲ್ಲಿ ಮೊದಲಿತ್ತು, ಅಂಕ ಕೊನೆಗೆ. ಆ ರಾತ್ರಿಯ ಬಗ್ಗೆ ಸ್ವಲ್ಪಸ್ವಲ್ಪವಾಗಿ ಮಾತನಾಡಿದೆವು. ಅಮ್ಮನೂ ಒಂದು ದಿನ ಕೂತು, ತಾನೂ ಮಳೆಗಾಲದಲ್ಲಿ ಎದ್ದು ಹಿಂದಿನ ಬಾಗಿಲಿನಿಂದ ಟಾರ್ಚ್ ಬಿಟ್ಟು ನೋಡುತ್ತೇನೆ ಎಂದಾಗ ಅವನು ಬೆರಗಾಗಿ ಅವರ ಕಡೆ ತಿರುಗಿದ. ಏಳು ವರ್ಷ, ಕೊನೆಕೊನೆಗೆ ಒಂದೇ ಅಂಗಳದ ಎರಡು ಬದಿಯಲ್ಲಿ, ಇಬ್ಬರೂ ಅದೇ ಭಯ ಕಾದುಕೊಂಡಿದ್ದರು.

ಇನ್ನೊಂದು ಕೆಲಸ ಅಪ್ಪನ ಜೊತೆ. ಅವರು ಸಿಸಿಟಿವಿ ಹಾಕಿಸಲು, ಮೊಬೈಲ್ ದಿನಾ ಪರೀಕ್ಷಿಸಲು ಹೊರಟಿದ್ದರು. 2000ದಲ್ಲಿ ಸ್ವೀಡನ್ನಿನಲ್ಲಿ ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ತೋರಿಸಿದ ಒಂದು ಸಂಗತಿಯನ್ನು ನಾನು ಹೆತ್ತವರಿಗೆ ಪದೇಪದೇ ಹೇಳುತ್ತೇನೆ: ಮಕ್ಕಳ ಬಗ್ಗೆ ಹೆಚ್ಚು ಬಲ್ಲ ಹೆತ್ತವರು ಅದನ್ನು ತಿಳಿದುಕೊಂಡದ್ದು ಮುಖ್ಯವಾಗಿ ಕಾವಲಿನಿಂದಲ್ಲ, ಮಕ್ಕಳೇ ಬಂದು ಹೇಳಿದ್ದರಿಂದ. ಹೇಳಿದರೆ ಏಟು ಬೀಳುವ ಮನೆಯಲ್ಲಿ ಯಾರು ಹೇಳುತ್ತಾರೆ? ಅಪ್ಪ ಒಂದು ಷರತ್ತಿಗೆ ಒಪ್ಪಿದರು. ತಾನಾಗಿ ಬಂದು ಹೇಳಿದರೆ ಆ ದಿನ ಬೈಗುಳವಿಲ್ಲ.

ಅದರ ಪರೀಕ್ಷೆ ಸುಗ್ಗಿ ಹಬ್ಬವಾದ ಪುತ್ತರಿಯಂದು ಬಂತು. ಅಣ್ಣಂದಿರ ಜೊತೆ ಹುಡುಗ ನಾಲ್ಕು ಪೆಗ್ ಕುಡಿದ. ಮಾರನೆಯ ಬೆಳಿಗ್ಗೆ ತಾನೇ ಹೋಗಿ ಅಮ್ಮನಿಗೆ ಹೇಳಿದ. ಅಪ್ಪ ಅಂಗಳದಲ್ಲಿ ಎರಡು ಸುತ್ತು ಹಾಕಿ, ಏನೂ ಅನ್ನದೆ ಮೆಣಸಿನ ಬಳ್ಳಿ ನೋಡಲು ಹೋದರು. ಆ ನಾಲ್ಕು ಪೆಗ್ಗಿಗಿಂತ ಆ ಬೆಳಗಿನ ಮಾತನ್ನು ನಾನು ಕಡತದಲ್ಲಿ ದೊಡ್ಡದಾಗಿ ಬರೆದುಕೊಂಡಿದ್ದೇನೆ.

ಈಗ

ಕಾಲೇಜು ಅವನನ್ನು ಉಳಿಸಿಕೊಂಡಿತು. ಪ್ರತಿ ತಿಂಗಳು ಮೂತ್ರ ಪರೀಕ್ಷೆ ಮಾಡಿಸಿ ವರದಿ ಕೊಡಬೇಕೆಂಬ ಷರತ್ತನ್ನು ನಾನು ಒಪ್ಪಲಿಲ್ಲ, ಮನೋವೈದ್ಯರೂ ಒಪ್ಪಲಿಲ್ಲ; ಆ ಉಪನ್ಯಾಸಕಿ ವಾರಕ್ಕೊಮ್ಮೆ ಅವನ ಜೊತೆ ಮಾತನಾಡುವುದೆಂದು ರಾಜಿಯಾಯಿತು. ಗಾಂಜಾ ನಿಂತಿದೆ ಎನ್ನುತ್ತಾನೆ, ನಾನು ನಂಬುತ್ತೇನೆ. ಒಬ್ಬನೇ ಕುಡಿಯುವುದು ನಿಂತಿದೆ. ಸಿಗರೇಟು ನಿಂತಿಲ್ಲ. ಹಾಕಿ ಅಭ್ಯಾಸಕ್ಕೆ ಮತ್ತೆ ಹೋಗುತ್ತಿದ್ದಾನೆ, ತಂಡದಲ್ಲಿ ಇನ್ನೂ ಜಾಗ ಸಿಕ್ಕಿಲ್ಲ. ಇದುವರೆಗಿನ ತಿಂಗಳುಗಳಲ್ಲಿ ಹೆಚ್ಚಿನವು ಮಳೆಯಿಲ್ಲದವು, ಆದ್ದರಿಂದ ಇದನ್ನು ಗುಣವಾಯಿತು ಎನ್ನುವುದಿಲ್ಲ. ಜೂನ್, ಜುಲೈ, ಆಗಸ್ಟ್‌ನಲ್ಲಿ ಭೇಟಿಗಳನ್ನು ಹತ್ತಿರ ಹತ್ತಿರ ಇಟ್ಟುಕೊಂಡಿದ್ದೇವೆ.

ಅಪ್ಪನ ಜೊತೆ ಒಂದು ವಾದ ಮಾತ್ರ ಮುಗಿದಿಲ್ಲ. ಬೇಸಿಗೆಯಲ್ಲಿ ಮನೆಯಲ್ಲಿ ಮದುವೆಯಿದೆ. ಎಲ್ಲರೂ ಗ್ಲಾಸು ಹಿಡಿದಿರುವಾಗ ಹದಿನೇಳು ತುಂಬಿದ ಮಗ ಜ್ಯೂಸ್ ಹಿಡಿದು ನಿಂತರೆ ನೆಂಟರು ಏನೆನ್ನುತ್ತಾರೆ, ತನ್ನೆದುರೇ ಒಂದು ಬಿಯರ್ ಕುಡಿದರೆ ಏನಾಗುತ್ತದೆ ಎಂದು ಅವರ ಪ್ರಶ್ನೆ. ರಾಜ್ಯದ ಅಬಕಾರಿ ನಿಯಮದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ ಎಂದರೆ ಅವರು ನಗುತ್ತಾರೆ. ಹದಿನೈದಕ್ಕೆ ಮೊದಲೇ ಕುಡಿಯಲು ಶುರುಮಾಡಿದವರಲ್ಲಿ ಶೇ 40ರಷ್ಟು ಜನ ಜೀವನದಲ್ಲಿ ಒಂದಲ್ಲ ಒಂದು ಹಂತದಲ್ಲಿ ಅದಕ್ಕೆ ದಾಸರಾಗಿದ್ದರು, ಇಪ್ಪತ್ತು ದಾಟಿ ಶುರುಮಾಡಿದವರಲ್ಲಿ ಶೇ 10ರಷ್ಟು ಎಂಬ 1997ರ ಅಮೆರಿಕದ ಲೆಕ್ಕ ಹೇಳಿದರೆ, ‘ಇವನು ಆಗಲೇ ಶುರುಮಾಡಿಯಾಯಿತಲ್ಲ’ ಎನ್ನುತ್ತಾರೆ. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ; ಬೇಗ ಶುರುವಾದದ್ದೇ ಕಾರಣವೆಂದು ಆ ಲೆಕ್ಕ ಸಾಧಿಸುವುದೂ ಇಲ್ಲ. ಹಾಗಾಗಿ ಈ ಸಲ ಅಂಕಿಗಳನ್ನು ಬಿಟ್ಟು ಅವರ ಅಣ್ಣನ ಮಾತು ಎತ್ತಬೇಕೆಂದಿದ್ದೇನೆ. ‘ಏರುತ್ತಲೇ ಇರಲಿಲ್ಲ’ ಎಂದು ಅವರ ಬಗ್ಗೆ ಹೇಳುವ ಆ ಮನೆಯಲ್ಲಿ, ಅವರ ಕೊನೆಯ ಎರಡು ವರ್ಷಗಳ ವಿಷಯವನ್ನು ಹುಡುಗನ ಎದುರು ಯಾರೂ ಈವರೆಗೆ ಆಡಿಲ್ಲ.